ಕೊಪ್ಪೆ ಹೊದ್ದವನ ಫೋಟೋ

ಜೂನ್ ಬಂತೆಂದರೆ ಗೋವಾದ ವಾಸ್ಕೋದಲ್ಲಿ, ನಮ್ಮ ಮಂಗೋರ್ ಹಿಲ್‌ ಗುಡ್ಡದ ಮೇಲೆ ಒಣಗಿದ ವಸ್ತು ಅಂತ ಉಳಿಯುವುದು ಒಂದೇ, ಅದು ನನ್ನ ಕ್ಯಾಮೆರಾ. ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಉಪ್ಪು ನೀರಾಗಿ, ಹಪ್ಪಳ ಚರ್ಮವಾಗಿ ಹೋದರೂ ಅದು ಮಾತ್ರ ಗಾಳಿಯಾಡದ ಡಬ್ಬಿಯೊಳಗೆ, ಬೂಟಿನ ಪೆಟ್ಟಿಗೆಗಳಿಂದ ಆರಿಸಿ ತಂದ ತೇವ ಹೀರುವ ಪೊಟ್ಟಣಗಳ ನಡುವೆ ಮಹಾರಾಜನಂತೆ ಪವಡಿಸಿರುತ್ತದೆ. (ಡಬ್ಬಿ ಮೂಲತಃ ಶೇಂಗಾ ಚಟ್ನಿಯದು. ಆ ಬಗ್ಗೆ ಮನೆಯಲ್ಲಿ ಇನ್ನೂ ಸಂಧಾನ ನಡೆದಿದೆ.)

"ಕ್ಯಾಮೆರಾಕ್ಕ ನೆಗಡಿ ಬರಬಾರದು. ನನಗ ಬಂದ್ರ ನಡೀತೈತಿ," ಎನ್ನುತ್ತಾಳೆ ನನ್ನ ಹೆಂಡತಿ ನಂದಾ, ಮೂಗು ಒರೆಸಿಕೊಳ್ಳುತ್ತ.

"ನಿನಗ ಬಂದ್ರ ಶುಂಠಿ ಕಷಾಯ ಐತಿ. ಅದಕ್ಕ ಬಂದ್ರ ಏನ್ ಕುಡಸ್ಲಿ?" ಎಂದೆ ಒಮ್ಮೆ. ಅಂದು ರೊಟ್ಟಿ ನಾನೇ ಬಡಿದುಕೊಂಡೆ.

ವಾರದ ಆರು ದಿನ ನಾನು ಬಂದರಿನ ಕೂಲಿ ಭೀಮಶಿ. ಭಾನುವಾರ ಮಾತ್ರ ಇಲ್ಲಿಯ ನಮ್ಮ ಜನರ ಕುಬಸ, ತೊಟ್ಟಿಲ ಕಾರ್ಯಗಳ ಏಕಮೇವ ಛಾಯಾಗ್ರಾಹಕ. ಮಳೆಯಲ್ಲಿ ಕ್ಯಾಮೆರಾ ಕಾಯುವ ಶಾಸ್ತ್ರವನ್ನು ಮೊಬೈಲಿನಲ್ಲಿ ನೋಡಿ ಅರೆದು ಕುಡಿದಿದ್ದೇನೆ. ಹನಿ ಬೀಳುವಾಗ ಲೆನ್ಸ್ ಬಿಚ್ಚಬಾರದು. ಬ್ಯಾಟರಿಯ ಬಾಗಿಲು ತೆರೆಯಬಾರದು. ಒರೆಸಲು ಮೆತ್ತನೆ ಬಟ್ಟೆಯೇ ಬೇಕು (ನಂದಾಳ ಹೊಸ ಸೀರೆಯ ಸೆರಗು ಉತ್ತಮ, ಆದರೆ ಅಪಾಯಕಾರಿ). ಇವೆಲ್ಲದರ ಮೇಲೆ ನನ್ನ ಸ್ವಂತ ಸಂಶೋಧನೆಯೊಂದಿದೆ, ಗೊಬ್ಬರದ ಚೀಲದ ಕೊಪ್ಪೆ. ಬಿಳಿ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ತಲೆಗೇರಿಸಿದರೆ ಬೆನ್ನೂ ಮುಚ್ಚುತ್ತದೆ, ಎದೆಯ ಮೇಲಿನ ಕ್ಯಾಮೆರಾವೂ ಮುಚ್ಚುತ್ತದೆ. ಊರಲ್ಲಿ ಹೊಲಕ್ಕೆ ಹೋಗುವವರ ತಲೆಯ ಮೇಲೆ ಇದೇ ಇರುತ್ತಿತ್ತು.

ಜುಲೈಯ ಒಂದು ಭಾನುವಾರ ಮಧ್ಯಾಹ್ನ ಮೇಲಿನ ಓಣಿಯ ಲಕ್ಷ್ಮವ್ವಾಯಿಯ ಫೋನು ಬಂತು.

"ತಮ್ಮಾ, ನಂದೊಂದು ಗ್ವಾಡಿ ಫೋಟೋ ತಗಿ."

"ಗ್ವಾಡಿ ಫೋಟೋ ಅಂದ್ರ?"

"ಸತ್ತ ಮ್ಯಾಲೆ ಮಾಲಿ ಹಾಕ್ತಾರಲ್ಲ, ಅದು."

ಮುದುಕಿಯ ಸಂಕಟ ನನಗೆ ಗೊತ್ತಿತ್ತು. ಗಂಡ ಉಸಗಾಂವದ ಗಣಿಯಲ್ಲಿ ದುಡಿದು ಸತ್ತು ಹನ್ನೆರಡು ವರ್ಷ. ಅವನದೊಂದೂ ಫೋಟೋ ಇಲ್ಲ. ಅಮಾವಾಸ್ಯೆಗೊಮ್ಮೆ ತಂಬಿಗೆಯ ಮುಂದೆ ಎಡೆ ಹಿಡಿಯುತ್ತಾಳೆ. "ತಂಬಿಗಿ ನೋಡಿ ಅವರಿಗೆ ತಮ್ಮ ಎಡಿ ಅಂತ ಹೆಂಗ ತಿಳೀತೈತಿ? ಉಪವಾಸ ತಿರಗತಿರಬೇಕು," ಎಂದು ಆಕೆ ಅಳುವುದನ್ನು ಇಡೀ ಓಣಿ ಕೇಳಿದೆ.

ಕೊಪ್ಪೆ ಹೊದ್ದು ಹೊರಟೆ. ಗುಡ್ಡದ ಮೇಲೆ ಮೋಡ ಇಳಿದು ಕೂತಿತ್ತು. ಮೂರು ಗಂಟೆಗೇ ಕತ್ತಲು. ಮೆಟ್ಟಿಲ ಮೇಲೆ ನಾಯಿಯೂ ಇಲ್ಲ. ಕೆಳಗೆಲ್ಲೋ ಕಾಣದ ಹಡಗೊಂದು ಊಳಿಡುತ್ತಿತ್ತು. ಲಕ್ಷ್ಮವ್ವಾಯಿಯ ತಗಡಿನ ಖೋಲಿ ತಲುಪುವ ಹೊತ್ತಿಗೆ ಲೈಟೂ ಹೋಯಿತು. ತಗಡು ಐದಾರು ಕಡೆ ಸೋರುತ್ತಿದ್ದುದರಿಂದ ನಾನು ಒಳಗೂ ಕೊಪ್ಪೆ ತೆಗೆಯಲಿಲ್ಲ. ಮುದುಕಿ ಇಳಕಲ್ ಸೀರೆಯುಟ್ಟು, ಕಪಾಟಿನ ಮುಂದೆ ಸ್ಟೂಲಿನ ಮೇಲೆ, ಈಗಾಗಲೇ ಗೋಡೆಯ ಮೇಲಿದ್ದಾಳೋ ಎಂಬಂತೆ ಕೂತಳು. ಫ್ಲ್ಯಾಶ್ ಹೊಡೆದೆ.

ಅದೇ ಕ್ಷಣ ತಗಡಿನ ಮೇಲಿನ ಮಳೆ ನಿಂತುಬಿಟ್ಟಿತು. ಆ ಮೌನದಲ್ಲಿ ಕ್ಯಾಮೆರಾದ ಸಣ್ಣ ಪರದೆ ನೋಡಿದೆ.

ಮುದುಕಿಯ ಹೆಗಲ ಹಿಂದೆ ಯಾರೋ ನಿಂತಿದ್ದರು. ತಲೆಯಿಂದ ಕೆಳಗೆ ಬೆಳ್ಳಗೆ. ಮೈಸುತ್ತ ಮಂಜು. ಮುಖವಿರಬೇಕಾದಲ್ಲಿ ಮುಖವಿಲ್ಲ, ಬರೀ ಬೆಂಕಿಯಂಥ ಬೆಳಕು.

ಬೆಚ್ಚಿ ಪಕ್ಕಕ್ಕೆ ಸರಿದು ತಲೆಯೆತ್ತಿದೆ. ಅಲ್ಲಿದ್ದದ್ದು ಕಪಾಟು, ಅಷ್ಟೆ.

"ಆಯಿ, ಮನ್ಯಾಗ ಮತ್ಯಾರರ ಅದಾರೇನು?"

"ಯಾರದಾರ? ಮಗ ಪರಶು ಲಾರಿ ತಗೊಂಡು ವಾಳಪೈಗೆ ಹೋಗ್ಯಾನ. ನಾ ಒಬ್ಬಾಕಿ. ತಾ ಇಲ್ಲೆ, ನೋಡೋಣು."

ಪರದೆಯನ್ನು ಮೂಗಿಗೆ ಹತ್ತುವಷ್ಟು ಹತ್ತಿರ ಹಿಡಿದಳು. ನಾನು ಬಾಗಿಲ ಕಡೆ ಒಂದು ಹೆಜ್ಜೆ ಹಾಕಿದ್ದೆ.

"ಬಂದ್ರೇನು..." ಎಂದಳು. ನನಗಲ್ಲ, ಕಪಾಟಿನ ಕಡೆ ತಿರುಗಿ. "ಇವರಽ ತಮ್ಮಾ. ಉಸಗಾಂವದಾಗ ದಿನಾ ಹಿಂಗಽ ಕೊಪ್ಪಿ ಹಾಕ್ಕೊಂಡು ಬಾಗಲದಾಗ ನಿಂದರತಿದ್ರು. ನೀರು ಸೋರ್ಲಿ ತಡಿ, ಆಮ್ಯಾಲೆ ಒಳಗ ಬರತೇನಿ ಅಂತಿದ್ರು."

ಕ್ಯಾಮೆರಾ ಇಸಿದುಕೊಂಡು ಓಡಿದೆ. ಮಳೆ ಮತ್ತೆ ಹೊಡೆಯಿತು, ಕೊಪ್ಪೆ ಹಾರಿತು, ಲೆನ್ಸ್ ತೊಯ್ದಿತು, ನನ್ನ ಶಾಸ್ತ್ರವೆಲ್ಲ ಗಟಾರದ ಪಾಲಾಯಿತು. ಮನೆ ಸೇರಿ ಚಾದರದೊಳಗೆ ನುಗ್ಗಿ ನಂದಾಳಿಗೆ ಹೇಳಿದೆ. ಅವಳು ಫೋಟೋವನ್ನು ಮೊಬೈಲಿಗೆ ಇಳಿಸಿಕೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ, ಅಕ್ಕಿಯಲ್ಲಿ ಹರಳು ಹುಡುಕುವವಳಂತೆ ನೋಡಿದಳು.

"ರೀ, ಆಯಿ ಕಪಾಟಿಗೆ ಕನ್ನಡಿ ಐತೇನ್ರಿ?"

"...ಇರಬೇಕು."

"ಮತ್ತ ಈ ದೆವ್ವದ ಅಂಗಿಗೆ ಕೆಂಪು ದಾರದಲೆ ಗುಂಡಿ ಹಚ್ಚಿದಾಕಿ ನಾನಽ ಅದೇನಿ!"

ಕನ್ನಡಿಯೊಳಗೆ ನಾನು. ಮುಖದ ಮೇಲೆ ನನ್ನದೇ ಫ್ಲ್ಯಾಶ್. ಕೊಪ್ಪೆಯೊಳಗಿನ ನನ್ನ ಉಸಿರಿಗೆ ಲೆನ್ಸಿನ ಮೇಲೆ ಮಂಜು. ನಂದಾ ನಕ್ಕು ನಕ್ಕು ನೆಲಕ್ಕೆ ಕೂತಳು. ನನಗೆ ಮೊದಲ ಬಾರಿಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಮರುದಿನ ಸತ್ಯ ಒಪ್ಪಿಸಲೆಂದು ಹೋದೆ. ಬಾಗಿಲಲ್ಲೇ ಮುದುಕಿ ನನ್ನೆರಡೂ ಕೈ ಹಿಡಿದಳು. "ಅವರ ಮಾರಿ ಹೆಂಗಿತ್ತಂತ ನನಗ ಮರ್ತಽ ಹೋಗಿತ್ತು ತಮ್ಮಾ. ಯಾರಿಗೂ ಹೇಳಿದ್ದಿಲ್ಲ. ಭಾಳ ಅಂಜಿದ್ದೆ. ಈ ಕೊಪ್ಪಿ ನೋಡಿದ ಮ್ಯಾಲೆ ನೆನಪಾತು." ಆಮೇಲೆ ಕಣ್ಣೊರೆಸಿಕೊಂಡು, ಗುಟ್ಟಿನ ದನಿಯಲ್ಲಿ, "ಖರೇ ಅಂದ್ರ, ಇದ್ದಾಗ ಹೊಟ್ಟಿ ಇಷ್ಟು ದಪ್ಪ ಇದ್ದಿಲ್ಲ. ಅಲ್ಲೆ ಊಟ ಚಲೋ ಹಾಕ್ತಾರಂತ ಕಾಣತೈತಿ," ಎಂದಳು. ಗಂಟಲಿಗೆ ಬಂದಿದ್ದ ಸತ್ಯವನ್ನು ನನ್ನ ಹೊಟ್ಟೆಗೇ ಇಳಿಸಿಕೊಂಡೆ.

ನಾಗರ ಅಮಾವಾಸ್ಯೆಗೆ ನಮ್ಮಿಬ್ಬರಿಗೂ ಊಟಕ್ಕೆ ಕರೆ ಬಂತು. ಹೋಗಿ ನೋಡಿದರೆ ಪರಶು ನನ್ನಿಂದಲೇ ಇಸಿದುಕೊಂಡ ಆ ಫೋಟೋದಲ್ಲಿ ಹಿಂದಿನವನನ್ನಷ್ಟೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ್ದ. ಗಂಧದ ಮಾಲೆ, ವಿಭೂತಿ, ಎಣ್ಣೆ ದೀಪ. ದೀಪ ಅಲುಗಿದಾಗ ಆ ಮುಖವಿಲ್ಲದ ಬೆಳಕೂ ಅಲುಗಿತು. ಅದು ನಾನೇ ಎಂದು ಗೊತ್ತಿದ್ದರೂ ಒಂದು ಹೆಜ್ಜೆ ಹಿಂದೆ ಸರಿದೆ.

"ದೊಡ್ಡವರು. ಅಡ್ಡ ಬೀಳು," ಎಂದಳು ಆಯಿ. ನಾನು ನನಗೇ ಅಡ್ಡಬಿದ್ದೆ. ಪಕ್ಕದಲ್ಲಿ ನಂದಾ ಸೆರಗನ್ನು ಬಾಯೊಳಗೆ ತುರುಕಿಕೊಂಡು ಕುಸುಕುಸು ಎಂದಳು. "ಪಾಪ, ಎಷ್ಟು ಹಚ್ಚಿಕೊಂಡಾಳ," ಎಂದು ಆಯಿ ಅವಳ ಬೆನ್ನು ಸವರಿದಳು.

ಫೋಟೋದ ಮುಂದೆ ಎಡೆಯ ಎಲೆಯಲ್ಲಿ ಐದು ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಕಟ್ಟಿನ ಸಾರು. ಸತ್ತ ಹಿರಿಯರು ಬಂದು ಉಂಡೇಳುವವರೆಗೆ ಒಳಗೆ ಯಾರೂ ಇರುವಂತಿಲ್ಲ. ಎಲ್ಲರೂ ಹೊರಬಂದು ಬಾಗಿಲು ಎಳೆದುಕೊಂಡೆವು. ತಗಡಿನ ಅಂಚಿನಿಂದ ನನ್ನ ಹೆಗಲ ಮೇಲೆ ನೀರು ಸುರಿಯುತ್ತಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೊಟ್ಟೆ ಗುರ್ರೆಂದಿತು.

"ಹಸಿವ್ಯಾಕ್ರಿ? ಒಳಗ ಉಣ್ಣಾಕತ್ತೀರಲ್ಲ!" ಎಂದು ಕಿವಿಯಲ್ಲಿ ಉಸುರಿದಳು ನಂದಾ.

ಆಗ ಒಳಗೆ ಎಲೆ ಸರಿದ ಸದ್ದಾಯಿತು.

"ಬೆಕ್ಕು," ಎಂದೆ.

"ಈ ಓಣ್ಯಾಗ ಬೆಕ್ಕಿಲ್ಲ," ಎಂದ ಪರಶು.

ಆಯಿ ಬಾಗಿಲು ತೆರೆದಳು. ಎಲೆಯ ಮೇಲೆ ನಾಲ್ಕೇ ಹೋಳಿಗೆ. "ಉಂಡ್ರು! ಹನ್ನೆರಡು ವರ್ಷಕ್ಕ ಉಂಡ್ರು!" ಎಂದು ಮುದುಕಿ ನೆಲಕ್ಕೆ ಹಣೆ ಹಚ್ಚಿ ಅತ್ತಳು. ನಂದಾಳ ನಗು ನಿಂತಿತು.

ಆಮೇಲೆ ನಮಗೂ ಬಡಿಸಿದರು. ಬಿಸಿ ಹೋಳಿಗೆ, ಮೇಲೆ ಮಿಳ್ಳೆ ತುಪ್ಪ. ಮುರಿದು ಬಾಯಿಯ ತನಕ ಒಯ್ದೆ, ಒಳಗೆ ಹೋಗಲೇ ಇಲ್ಲ.

"ಯಾಕ್ರಿ, ಈಗಿನ್ನ ಹಸದಿದ್ರಲ್ಲ?" ಎಂದಳು ನಂದಾ.

"ಯಾಕೋ ಹೊಟ್ಟಿ ತುಂಬಿದಂಗ ಆಗೇತಿ," ಎಂದೆ.

ನಂದಾ ನನ್ನ ಮುಖ ನೋಡಿದಳು, ಗೋಡೆಯ ಫೋಟೋ ನೋಡಿದಳು. ಆಮೇಲೆ ಎಲೆ ಎಳೆದುಕೊಂಡು ಸದ್ದಿಲ್ಲದೆ ಮುದುಕಿಯ ಆಚೆ ಬದಿಗೆ ಹೋಗಿ ಕೂತಳು.