ಎರಡು ಕೋಲಿನ ಉಪಕಾರ

ಅಂಚೆಯಣ್ಣನ ಹಿಮ್ಮಡಿ ನೋವಿಗೂ ಅವನಷ್ಟೇ ಸರ್ವಿಸ್ ಆಗಿತ್ತು. ಆಫೀಸಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಖಾಲಿಯಾದಾಗ, ಉಳಿದ ಮೂರು ವರ್ಷ ಅಲ್ಲಿ ಕೂತು ರಸೀದಿ ಬರೆದುಕೊಂಡಿದ್ದರೆ ಸಾಕಪ್ಪ ಅನ್ನಿಸಿತು ಅವನಿಗೆ. ಕಾಲು ಕೆಟ್ಟಿದೆಯೆಂದು ಆಸ್ಪತ್ರೆಯಿಂದ ಮಧ್ಯಾಹ್ನದೊಳಗೆ ಚೀಟಿ ತಂದರೆ ಕುರ್ಚಿ ನಿಮ್ಮದೇ ಎಂದಿದ್ದರು ಸಾಹೇಬರು.

ಹೊರಡುವಾಗ ಭಾವಮೈದ ಅಡ್ಡ ಬಂದ. ಕೇಳದಿದ್ದರೂ ಬುದ್ಧಿ ಹೇಳುವ ಆಸಾಮಿ. ಬೆಟ್ಟ ಹತ್ತುವ ತನ್ನ ಎರಡು ಕೋಲುಗಳನ್ನು ಕೈಗೆ ತುರುಕಿ, "ಭಾವ, ಅಳೋ ಮಗೂಗೇ ಹಾಲು. ಇವನ್ನ ಊರ್ಕೊಂಡು ಹೋಗಿ, ನೋಡಿದೋರು ಅಯ್ಯೋ ಪಾಪ ಅನ್ನಬೇಕು" ಎಂದ. ವಾದಿಸುವ ಶಕ್ತಿಯಿಲ್ಲದೆ ಅಂಚೆಯಣ್ಣ ಊರಿಕೊಂಡು ಹೊರಟ.

ತಿರುವಿನಲ್ಲಿ ಎಂಬತ್ತು ದಾಟಿದ ಡ್ರಿಲ್ ಮೇಷ್ಟ್ರು ಸಿಕ್ಕರು. ಕೋಲು ಹಿಡಿಯುವ ರೀತಿಯೇ ಇದು ಎಂದು ಗದರಿದರು. ಎಡಗಾಲಿಗೆ ಬಲಗೈ, ಬಲಗಾಲಿಗೆ ಎಡಗೈ, ಭಾರವೆಲ್ಲ ಅಂಗೈ ಮೇಲೆ. ಸರಿಯಾಗುವವರೆಗೂ ಪಕ್ಕದ ಶಾಲೆಯ ಮೈದಾನ ಸುತ್ತಿಸಿದರು. ಮೂರನೇ ಕ್ಲಾಸಿನಲ್ಲಿ ಅವರಿಂದ ತಿಂದ ಏಟು ಇನ್ನೂ ನೆನಪಿದ್ದುದರಿಂದ ಅಂಚೆಯಣ್ಣ ಹೇಳಿದಷ್ಟೂ ಸುತ್ತು ಹಾಕಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡೂ ಅಂಗೈಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು.

ಅಲ್ಲಿ ಪಾದದ ಒತ್ತಡ ಅಳೆಯುವ ಚಾಪೆಯೊಂದಿತ್ತು. ಭಾರ ಬಿದ್ದಷ್ಟೂ ಎದುರಿನ ಪರದೆ ಕೆಂಪಾಗುತ್ತದಂತೆ. ಬಂದ ಹಾಗೇ ನಡೆಯಿರಿ ಎಂದರು ನರ್ಸಮ್ಮ. ಕೋಲು ಬಿಟ್ಟರೆ ಪಾಪ ಅನ್ನುವವರಿಲ್ಲವೆಂದು ಅವನು ಮೇಷ್ಟ್ರ ಪಾಠದಂತೆ ಊರಿಕೊಂಡೇ ನಡೆದ. ಪರದೆ ಹಸಿರಾಗಿಯೇ ಉಳಿಯಿತು. ಹಿಮ್ಮಡಿಯ ಮೇಲೆ ಭಾರವೇ ಇಲ್ಲ ಎಂದು ನರ್ಸಮ್ಮ ಮೆಚ್ಚಿ ಬರೆದುಕೊಟ್ಟರು. ಕೋಲಿಲ್ಲದೆ ಇನ್ನೊಮ್ಮೆ ನಡೆಯುತ್ತೇನೆಂದು ಗೋಗರೆದರೆ, ಬಾಗಿಲಾಚೆಯ ಸಾಲು ತೋರಿಸಿದರು. ಅಂಗೈ ನೋಡಿ ಮಾತ್ರ ಮರುಗಿ, ಎರಡಕ್ಕೂ ದಪ್ಪಗೆ ಬ್ಯಾಂಡೇಜು ಸುತ್ತಿ ಕಳಿಸಿದರು.

ಸಾಹೇಬರು ಚೀಟಿ ಓದಿದರು. ಅವನ ಬಾಡಿದ ಮುಖ ನೋಡಿದರು. ಆಮೇಲೆ ಕೈ ನೋಡಿದರು.

"ಕಾಲು ಚೆನ್ನಾಗಿದೆ ಅಂತ ಬರೆದಿದ್ರೂ ಪರವಾಗಿಲ್ಲ, ವಯಸ್ಸಾಯ್ತು, ಕುರ್ಚಿ ನಿಮಗೇ ಕೊಡೋಣ ಅಂತಿದ್ದೆ" ಎಂದರು. "ಆದ್ರೆ ರಸೀದಿ ಬರೆಯೋಕೆ ಕೈ ಬೇಕಲ್ರೀ."

ಕಾಗದ ಹಂಚುವುದು ಹೇಗೆ ಎಂದು ಅಂಚೆಯಣ್ಣ ಮೆಲ್ಲಗೆ ಕೇಳಿದ. ಚೀಲ ಕೊರಳಿಗೆ ಹಾಕಿಕೊಂಡು ಹೋಗಿ, ಅವರವರ ಕಾಗದ ಅವರವರೇ ತೆಗೆದುಕೊಳ್ಳುತ್ತಾರೆ ಎಂದರು ಸಾಹೇಬರು.

ಹೋದ ಪುಟ್ಟ, ಬಂದ ಪುಟ್ಟ ಅನ್ನೋಣವೆಂದರೆ, ಈ ಪುಟ್ಟ ಕೈಯನ್ನೂ ಕಳೆದುಕೊಂಡು ಬಂದಿದ್ದ. ಕೊರಳಿಗೆ ಚೀಲ, ಕಂಕುಳಲ್ಲಿ ಕೋಲು, ಅಂಚೆಯಣ್ಣ ಬಿಸಿಲಿಗಿಳಿದ. ಊರಿಕೊಳ್ಳಲು ಕೈಯಿಲ್ಲದ್ದರಿಂದ ಅಷ್ಟೂ ಭಾರ ಮತ್ತೆ ಹಿಮ್ಮಡಿಯ ಮೇಲೆಯೇ ಬಿತ್ತು.