ರೇಡಿಯೊ ಕೂಪನ್ನೂ ತಲೆಗೆಣ್ಣೆಯೂ

ಈ ದೀಪಾವಳಿಯೊಳಗೆ ನಮ್ಮ ಮನೆಯಲ್ಲಿ ರೇಡಿಯೊ ಹಾಡದಿದ್ದರೆ ನನ್ನ ಹೆಸರು ಶಿವಯೋಗಪ್ಪನೇ ಅಲ್ಲ! ಈ ಘೋಷಣೆಯನ್ನು ನಾನು ಹೊರಡಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡವಳು ನನ್ನ ಹೆಂಡತಿ ಜಗದಾಂಬಾ.

“ದುಡ್ಡು?” ಎಂದಳು, ಒಲೆಯಿಂದ ತಲೆ ಎತ್ತದೆ.

“ದುಡ್ಡು ಕೊಟ್ಟು ಯಾರು ಬೇಕಾದ್ರೂ ತರ್ತಾರೆ. ನಾನು ಬುದ್ಧಿ ಖರ್ಚು ಮಾಡಿ ತರ್ತೀನಿ!”

“ಹಾಗಾದ್ರೆ ಈ ಜನ್ಮಕ್ಕೆ ಬಂದ ಹಾಗೇ,” ಎಂದು ಆಕೆ ರೊಟ್ಟಿ ತಿರುವಿ ಹಾಕಿದಳು.

ಸಾವಿರದ ಒಂಬೈನೂರ ಐವತ್ತೊಂಬತ್ತರ ಮಾತು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಮನೆ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ರೇಡಿಯೊ, ಅದೂ ವಕೀಲರ ಮನೆಯಲ್ಲಿ. ಸಂಜೆ ಅವರ ಕಿಟಕಿಯ ಕೆಳಗೆ ನಿಂತು ವಾರ್ತೆ ಕೇಳಬೇಕು. ಸೊಳ್ಳೆ ಬಂತೆಂದು ಅವರು ಕಿಟಕಿ ಮುಚ್ಚಿದರೆ ದೇಶದ ಆಗುಹೋಗುಗಳೆಲ್ಲ ಅಲ್ಲಿಗೇ ಸ್ಥಗಿತ!

ಈ ಅವಮಾನಕ್ಕೆ ಮದ್ದು ತಂದವನು ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯ ಗುಮಾಸ್ತ ಶ್ರೀನಿವಾಸಮೂರ್ತಿ. ಮದರಾಸಿನ ಒಂದು ಕಂಪೆನಿಯ ಕೂಪನ್ನನ್ನು ಐದು ರೂಪಾಯಿಗೆ ನನಗೆ ಮಾರಿದ. ಅದರ ಜೊತೆ ಬೇರೆ ಹಣ ಕಳಿಸಿದರೆ ಕಂಪೆನಿ ನಾಲ್ಕು ಹೊಸ ಕೂಪನ್ ಕಳಿಸುತ್ತದೆ. ಅವನ್ನು ನಾಲ್ವರಿಗೆ ಮಾರಬೇಕು. ಆ ನಾಲ್ವರೂ ಇದೇ ರೀತಿ ತಲಾ ನಾಲ್ವರಿಗೆ ಮಾರಿದ ದಿನ ನನ್ನ ಮನೆಗೆ ರೇಡಿಯೊ!

“ತಗೊಂಡೋರು ಆ ಕೂಪನ್ ಇಟ್ಕೊಂಡು ಏನು ಮಾಡ್ತಾರೆ?” ಎಂದಳು ಜಗದಾಂಬಾ.

“ಇನ್ನೊಬ್ಬರಿಗೆ ಮಾರ್ತಾರೆ.”

“ಅವರು?”

“ಮತ್ತೊಬ್ಬರಿಗೆ!”

“ಕೊನೇಲಿ ತಗೊಂಡೋರು?”

“ಕೊನೆ ಅನ್ನೋದೇ ಇಲ್ಲ ಮಾರಾಯ್ತಿ, ಅದೇ ಇದರ ಸೊಗಸು! ನೀನು ಮಾಡೋದೂ ಇದೇ ಅಲ್ವಾ?”

ಆಕೆಯದೂ ಒಂದು ವ್ಯಾಪಾರವಿತ್ತು. ಹಿಂದಿನ ಬೀದಿಯ ಉಚ್ಚಂಗಮ್ಮ ಗರಗದ ಸೊಪ್ಪು, ಮೆಂತ್ಯ ಹಾಕಿ ತಲೆಗೆಣ್ಣೆ ಕಾಯಿಸುತ್ತಿದ್ದಳು. ಜಗದಾಂಬಾ ಅದನ್ನು ಸೀಸೆಗಟ್ಟಲೆ ತಂದು ನೆರೆಹೊರೆಗೆ ಮಾರುವಳು. ಭದ್ರಾವತಿಯ ಓಲ್ಡ್ ಟೌನಿನ ಶಂಕರಮ್ಮನವರಿಗೂ ಕೊಡುವಳು. ಅವರು ತಮ್ಮ ಬೀದಿಯಲ್ಲಿ ಮಾರಿದರೆ ಅವರಿಗೊಂದಿಷ್ಟು, ಇವಳಿಗೂ ಒಂದಿಷ್ಟು ಲಾಭ. ಸರಪಳಿಗೆ ಸರಪಳಿಯೇ ತಾನೆ!

“ನಮ್ಮ ಎಣ್ಣೆ ತಲೆಗೆ ಹಚ್ಕೊಳ್ಳೋಕೆ ತಗೋತಾರೆ ಕಣ್ರೀ. ಮುಗಿದ ಮೇಲೆ ಅವರೇ ಹುಡುಕ್ಕೊಂಡು ಬರ್ತಾರೆ. ಮಾರದೆ ಉಳಿದ ಸೀಸೆ ಉಚ್ಚಂಗಮ್ಮ ವಾಪಸ್ ತಗೋತಾಳೆ,” ಎಂದಳು.

ಮಹಾ ವಾಣಿಜ್ಯದ ಮುಂದೆ ಸೀಸೆಯ ಮಾತು! ನಾನು ನಕ್ಕೆ. ಆ ನಗು ನನಗೆ ಬಹಳ ದುಬಾರಿಯಾಯಿತು.

ನನಗೆ ಬಂದ ನಾಲ್ಕರಲ್ಲಿ ಮೊದಲ ಕೂಪನ್ ಬೆಣ್ಣೆಯಂತೆ ಮಾರಾಟವಾಯಿತು. ಕೊಂಡವರು ಬೇರೆ ಯಾರೂ ಅಲ್ಲ, ಆ ಶಂಕರಮ್ಮನವರ ಯಜಮಾನರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಷಣ್ಮುಖಪ್ಪನವರು. ನಮ್ಮ ಬೀಗರಾಗುವವರು! ಜಗದಾಂಬಾಳ ತಂಗಿ ಕಲ್ಲಮ್ಮನನ್ನು ಅವರ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಕಲ್ಲಮ್ಮ ತಂದೆಯಿಲ್ಲದ ಹುಡುಗಿ, ನಮ್ಮ ಮನೆಯಲ್ಲೇ ಬೆಳೆದವಳು. ಆಕೆಗೆ ಹುಡುಗನೂ ಒಪ್ಪಿಗೆಯಾಗಿದ್ದ. ಬೀಗರ ಮುಂದೆ ನನ್ನ ವ್ಯವಹಾರಜ್ಞಾನ ಮೆರೆಸಲು ಇದಕ್ಕಿಂತ ಒಳ್ಳೆಯ ಅವಕಾಶವುಂಟೇ? ಷಣ್ಮುಖಪ್ಪನವರಿಗೆ ಬಂದ ನಾಲ್ಕೂ ಕೂಪನ್ ಜೊತೆಯ ಕೆಲಸಗಾರರು ಅವರ ಮುಖ ನೋಡಿಯೇ ಕೊಂಡರು.

ಅಲ್ಲಿಗೆ ನಿಂತಿತು ನೋಡಿ ನನ್ನ ದಿಗ್ವಿಜಯ! ನನ್ನ ಮಿಕ್ಕ ಮೂರನ್ನು ಕೊಳ್ಳುವವರೇ ಇಲ್ಲ. ಶ್ರೀನಿವಾಸಮೂರ್ತಿಯಂಥವರು ಎರಡೂ ಊರನ್ನು ಆಗಲೇ ಜಾಲಾಡಿಬಿಟ್ಟಿದ್ದರು. ಭದ್ರಾವತಿಯ ರೈಲಿನಲ್ಲಿ ಪಕ್ಕದವರಿಗೆ ಎಲೆಅಡಿಕೆ ಕೊಟ್ಟು, ಕ್ಷೇಮ ವಿಚಾರಿಸಿ, ಮೆಲ್ಲಗೆ ಜೇಬಿಗೆ ಕೈ ಹಾಕಿದೆ. ಅವರೂ ಜೇಬಿಗೆ ಕೈ ಹಾಕಿದರು. ಇಬ್ಬರ ಕೈಯಲ್ಲೂ ಅದೇ ಕೂಪನ್! ಎಲೆಅಡಿಕೆ ದಂಡ. ಗಾಂಧಿಬಜಾರಿನಲ್ಲಿ ಪರಿಚಯದ ಜವಳಿ ಸಾಹುಕಾರರು ನಾನು ದೂರದಲ್ಲಿ ಕಂಡೊಡನೆ ಅಂಗಡಿಯ ಅರ್ಧ ಬಾಗಿಲು ಎಳೆದರು. ಇನ್ನು ಕ್ಷೌರದಂಗಡಿಯಲ್ಲಿ ಗಡ್ಡ ಹೆರೆಯುತ್ತಿದ್ದ ನಾಗಯ್ಯ, ಕತ್ತಿ ನನ್ನ ಗಂಟಲ ಮೇಲಿರುವಾಗ ಕೇಳಿದ:

“ಸ್ವಾಮಿ, ಒಂದು ಕೂಪನ್ ತಗೋತೀರಾ?”

ಕತ್ತಿ ಅಲ್ಲಿರುವಾಗ ಬೇಡವೆನ್ನಲು ನಾನೇನು ಹುತಾತ್ಮನೇ? ತಗೊಂಡೆ. ಮಾರಲು ಹೋದವನು ಇನ್ನೊಂದನ್ನು ಕೊಂಡು ಬಂದೆ!

“ನಿಮ್ಮ ಕೂಪನ್ ಮುಗಿಯೋಲ್ಲ ರೀ, ಜನ ಮುಗಿದುಹೋಗ್ತಾರೆ,” ಎಂದಳು ಜಗದಾಂಬಾ. ಈ ಸಲ ನನಗೆ ನಗು ಬರಲಿಲ್ಲ.

ಮರುವಾರ ಶ್ರೀನಿವಾಸಮೂರ್ತಿ ಬೆವರುತ್ತಾ ಕಚೇರಿಗೆ ಬಂದ. ಮದರಾಸಿನಲ್ಲಿದ್ದ ಅವನ ಭಾವಮೈದುನ ಹೋಗಿ ನೋಡಿದನಂತೆ. ಕಂಪೆನಿಯ ಬೋರ್ಡಿದೆ, ಬಾಗಿಲಿಗೆ ಬೀಗವಿದೆ, ಬೀಗದ ಮುಂದೆ ನಾಲ್ಕು ಭಾಷೆಗಳಲ್ಲಿ ಬೈಯುತ್ತಿರುವ ಜನವಿದೆ!

ಭಾನುವಾರ ಬೆಳಿಗ್ಗೆ ಷಣ್ಮುಖಪ್ಪನವರು ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡಲಿಲ್ಲ.

“ಏನ್ರೀ ಶಿವಯೋಗಪ್ಪನೋರೇ, ಚೆನ್ನಾಗಿ ಮಾಡಿದ್ರಿ! ಇಷ್ಟು ವರ್ಷ ಕಾರ್ಖಾನೇಲಿ ತಲೆ ಎತ್ತಿ ಓಡಾಡ್ದೋನು ನಾನು. ಈಗ ಗೇಟಲ್ಲಿ ಆ ನಾಲ್ಕು ಜನ ನಿಂತಿರ್ತಾರೆ ಅಂತ ಹಿಂದಿನ ಬೇಲಿ ಹಾರಿ ಮನೆಗೆ ಹೋಗ್ತಿದೀನಿ. ಈ ವಯಸ್ಸಲ್ಲಿ! ನಿನ್ನೆ ಪಂಚೆ ಬೇಲೀಲೇ ಉಳೀತು!”

“ಕೂತ್ಕೊಳ್ಳಿ, ಕಾಫಿ...” ಎಂದೆ.

“ಕಾಫೀನೂ ಬೇಡ, ನಿಮ್ಮ ಸಂಬಂಧಾನೂ ಬೇಡ!”

ಅವರು ಹೋದರು. ಕಾಫಿ ತಂದಿದ್ದ ಕಲ್ಲಮ್ಮ ಬಾಗಿಲಲ್ಲೇ ನಿಂತಿದ್ದಳು. ಲೋಟವನ್ನು ನನ್ನ ಮುಂದಿಟ್ಟು, “ನೀವಾದ್ರೂ ಕುಡೀರಿ ಭಾವ,” ಎಂದು ಒಳಗೆ ಹೋದಳು. ಆಕೆ ಎರಡು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆ ಕಾಫಿ ಅಲ್ಲೇ ಆರಿಹೋಯಿತು. ದಿನವಿಡೀ ಕಂಬಕ್ಕೊರಗಿ ಕೂತಿದ್ದೆ. ರೇಡಿಯೊ ಹಾಳಾಗಲಿ, ಒಂದು ಹುಡುಗಿಯ ಮದುವೆಯನ್ನೇ ಐದು ರೂಪಾಯಿಗೆ ಮಾರಿಬಿಟ್ಟಿದ್ದೆನಲ್ಲ!

ಮಾರನೆಯ ದಿನ ಜಗದಾಂಬಾ ನನಗೆ ರಜೆ ಹಾಕಿಸಿ, ಎಣ್ಣೆಸೀಸೆಗಳ ಚೀಲ ಹೊರಿಸಿ ಭದ್ರಾವತಿಯ ರೈಲು ಹತ್ತಿಸಿದಳು. ಓಲ್ಡ್ ಟೌನಿನ ಆ ಮನೆಯಲ್ಲಿ ಷಣ್ಮುಖಪ್ಪನವರು ನಮ್ಮನ್ನು ಕಂಡು ಮುಖ ತಿರುಗಿಸಿದರು. ಶಂಕರಮ್ಮನವರು ಮಾತ್ರ ಚೀಲ ಇಳಿಸಿಕೊಂಡರು.

“ಸದ್ಯ ತಂದ್ಯಲ್ಲ ಜಗದಾಂಬಾ! ಕ್ವಾರ್ಟರ್ಸ್ ಹೆಂಗಸರು ಎಣ್ಣೆ ಎಲ್ಲಿ ಅಂತ ದಿನಾ ಬಾಗಿಲು ತಟ್ತಾರೆ.”

“ನಮ್ಮ ಬಾಗಿಲು ತಟ್ಟೋರು ಬೇರೆ ಇದಾರೆ!” ಎಂದು ಗುಡುಗಿದರು ಷಣ್ಮುಖಪ್ಪನವರು.

ಜಗದಾಂಬಾ ಕೈಮುಗಿದಳು. “ಅಣ್ಣಾವ್ರೇ, ನಿಮ್ಮದೂ ಆ ನಾಲ್ವರದೂ ದುಡ್ಡು ಇವರು ಹಿಂದಕ್ಕೆ ಕೊಡ್ತಾರೆ. ಸಂಬಳದಲ್ಲಿ ಬೇಡ, ಮನೆ ನಡೀಬೇಕು. ಪ್ರತಿ ಭಾನುವಾರ ಎಣ್ಣೆ ಹೊತ್ತು ಮಾರಿ ಕೊಡ್ತಾರೆ. ಹುಡುಗಿ ಏನು ತಪ್ಪು ಮಾಡಿದಾಳೆ?”

ನಾನು ತಲೆ ತಗ್ಗಿಸಿದೆ. ಶಂಕರಮ್ಮನವರು ಗಂಡನ ಕಡೆ ತಿರುಗಿದರು.

“ಅವರು ಮಾರೋಕೆ ಬಂದಾಗ ನೀವು ಯಾಕೆ ತಗೊಂಡ್ರಿ? ಪುಕ್ಕಟೆ ರೇಡಿಯೊ ಅಂತ ತಾನೇ? ಇಬ್ಬರು ಗಂಡಸರು ಬುದ್ಧಿ ಕಳ್ಕೊಂಡ್ರೆ ನಾನು ಸೊಸೇನ ಕಳ್ಕೋಬೇಕಾ?”

ಷಣ್ಮುಖಪ್ಪನವರು ಸೂರು ನೋಡುತ್ತಾ, “ಆ ನಾಲ್ವರ ದುಡ್ಡು ಮೊದಲು. ನಂದು ಆಮೇಲೆ ನೋಡೋಣ,” ಎಂದರು. ಹೋದ ಜೀವ ಬಂತು! ಊಟಕ್ಕೆ ಎಲೆಯೂ ಬಿತ್ತು.

ಮುಂದಿನ ಭಾನುವಾರ ನಾನು ಚೀಲ ಹೆಗಲಿಗೇರಿಸಿ, “ಕೇಶಸಂವರ್ಧಿನಿ ತೈಲ! ಹಚ್ಚಿದರೆ ಕಾಡಿನಂಥ ಕೂದಲು!” ಎಂದು ಅಭ್ಯಾಸ ಮಾಡುತ್ತಾ ಹೊರಟೆ. ಹೊಸ್ತಿಲು ದಾಟುವಷ್ಟರಲ್ಲಿ ಜಗದಾಂಬಾ ಕೂಗಿದಳು.

“ರೀ, ನಿಲ್ಲಿ! ನಿಮ್ಮ ಬೋಳುತಲೆ ನೋಡಿದ್ರೆ ಒಂದು ಸೀಸೆನಾದ್ರೂ ಹೋಗುತ್ತಾ? ಇಷ್ಟು ದಿನ ಊರಿಗೆಲ್ಲ ಟೋಪಿ ಹಾಕಿದ್ದಾಯ್ತು. ಇವತ್ತೊಂದಿನ ನೀವೇ ಹಾಕ್ಕೊಂಡು ಹೋಗಿ!”