ನಾನು ಎದ್ದುಹೋದದ್ದರಿಂದ ಸೋತ ಪಂದ್ಯ

ದುಃಖ ನಟಿಸುವುದರಲ್ಲಿ ನಾನು ಪಳಗಿದವನಲ್ಲ. ಆಫೀಸಿನಲ್ಲಿ ಯಾರಿಗಾದರೂ ಬಡ್ತಿ ತಪ್ಪಿದರೆ ಅವರೆದುರು ಮುಖ ಸಣ್ಣದು ಮಾಡಲು ಹೋಗಿ ಹಲ್ಲುನೋವಿನವನಂತೆ ಕಾಣುತ್ತೇನೆ ಎಂದು ನನ್ನ ಹೆಂಡತಿ ವಸುಧಾ ಹೇಳುತ್ತಾಳೆ. ಅಂಥವನು ಈಚೆಗೆ ಒಂದು ಇಡೀ ಸಂಜೆ ಒಳಗೊಳಗೇ ಹೋಳಿಗೆ ಮೆಲ್ಲುತ್ತಾ, ಹೊರಗೆ ಕಷಾಯ ಕುಡಿದವನ ಮುಖ ಹೊತ್ತು ಕೂರಬೇಕಾಯಿತು. ನಮ್ಮ ತಂಡ ಸೋಲಲಿ ಎಂದು ನಾನು ಬಯಸಿದ್ದೆ. ಇದನ್ನು ಮನೆಯವರನ್ನು ಬಿಟ್ಟರೆ ನಿಮಗೇ ಮೊದಲು ಹೇಳುತ್ತಿರುವುದು.

ನಮ್ಮ ತಂಡ ಎಂದೆನಲ್ಲ, ಅದು ನನ್ನದೂ ಅಲ್ಲ, ನಾನು ದುಡಿಯುವ ಕುವೈತಿನದೂ ಅಲ್ಲ. ಇಲ್ಲಿನ ಶುಐಬಾದಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರ್ ಡೇಲ್ ಸಾಹೇಬರು ಅಮೆರಿಕದವರು. ತಂಡ ಅವರ ಊರಿನದು. ಅವರ ಫುಟ್‌ಬಾಲ್‌ನಲ್ಲಿ ಹೆಲ್ಮೆಟ್ ಹಾಕಿಕೊಂಡ ದಾಂಡಿಗರು ಉದ್ದುದ್ದ ಚೆಂಡೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಗಜಗಳ ಲೆಕ್ಕದಲ್ಲಿ ಮುಂದೆ ಹೋಗುತ್ತಾರೆ. ಚೆಂಡನ್ನು ಯಾರಿಗೆ, ಎಲ್ಲಿಗೆ ಎಸೆಯಬೇಕು ಎಂದು ನಿಂತಲ್ಲೇ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಮನೆಗೆ ಯಜಮಾನ ಇದ್ದ ಹಾಗೆ ಎಂದು ವಸುಧಾಳಿಗೆ ವಿವರಿಸಿದಾಗ, "ಹಾಗಾದ್ರೆ ನಮ್ಮನೇಲಿ ನಾನು" ಎಂದಳು.

ಅಕ್ಟೋಬರಿನಲ್ಲಿ ಒಂದು ಸಂಜೆ ನಕ್ಷೆಯೊಂದಕ್ಕೆ ಸಹಿ ಹಾಕಿಸಿಕೊಳ್ಳಲು ಮಂಗಾಫ್‌ನಲ್ಲಿರುವ ಅವರ ಮನೆಗೆ ಹೋಗಿದ್ದೆ. ಟಿವಿಯಲ್ಲಿ ಅವರ ತಂಡ ಸೋಲುತ್ತಿತ್ತು. ನಾನು ಸೋಫಾದ ಎಡತುದಿಯಲ್ಲಿ ಕುಳಿತೆ. ತಂಡ ಗೆದ್ದಿತು. ಇಷ್ಟೇ ನನ್ನ ಸಾಧನೆ. ಅಂದಿನಿಂದ ಪ್ರತಿ ವಾರವೂ ಆ ಜಾಗದಲ್ಲಿ ಕೂರುವುದು ನನ್ನ ಕೆಲಸದ ಭಾಗವೇ ಆಯಿತು. ಆಟ ನಡೆಯುವ ಹೊತ್ತಿಗೆ ಇಲ್ಲಿ ನಾವೆಲ್ಲ ನಿದ್ದೆಯಲ್ಲಿರುತ್ತೇವೆ. ಆದ್ದರಿಂದ ಡೇಲ್ ಅದನ್ನು ರೆಕಾರ್ಡ್ ಮಾಡಿಟ್ಟು ಮರುದಿನ ಸಂಜೆ ಐದಕ್ಕೆ ನೋಡುತ್ತಿದ್ದರು. ಅಲ್ಲಿಯವರೆಗೆ ಆಫೀಸಿನಲ್ಲಿ ಯಾರೂ ಫಲಿತಾಂಶದ ಮಾತೆತ್ತುವಂತಿರಲಿಲ್ಲ.

ಜೊತೆಗೆ ಬರುತ್ತಿದ್ದವರು ನಮ್ಮ ಸ್ಟೋರ್ ನೋಡಿಕೊಳ್ಳುವ ವಲೇರಿಯನ್, ಉಡುಪಿ ಕಡೆಯವರು. ಮೊದಮೊದಲು ಡೇಲ್ ಕೊಡುತ್ತಿದ್ದ ಹುರಿದ ಕೋಳಿಗಾಗಿ ಬರುತ್ತಿದ್ದವರು, ಡಿಸೆಂಬರಿನ ಹೊತ್ತಿಗೆ ಅಮೆರಿಕದ ಕೋಚುಗಳನ್ನೇ ಬಯ್ಯುವಷ್ಟು ಪಂಡಿತರಾಗಿದ್ದರು.

ತಂಡ ಗೆಲ್ಲುತ್ತಾ ಪ್ಲೇಆಫ್ ತಲುಪಿತು. ಅಲ್ಲಿ ಒಂದು ಸಲ ಸೋತರೆ ಗಂಟುಮೂಟೆ ಕಟ್ಟುವುದೇ. ನನ್ನ ಪೀಕಲಾಟ ಶುರುವಾದದ್ದೂ ಅಲ್ಲೇ. ಫೈನಲ್ ನಡೆಯುವ ಭಾನುವಾರವೇ ಮೈಸೂರಿನಲ್ಲಿ ವಸುಧಾಳ ತಂಗಿಯ ಮದುವೆ. ರಜೆಯ ಅರ್ಜಿ ಕೊಟ್ಟು ತಿಂಗಳಾಗಿತ್ತು. ಡೇಲ್ ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು, "ನಾವು ಫೈನಲ್‌ಗೆ ಹೋದರೆ ನೀನು ಇಲ್ಲಿರಬೇಕು. ಹೋಗದಿದ್ದರೆ ಮರುದಿನವೇ ಸಹಿ" ಎಂದಿದ್ದರು. ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ.

"ಯಾವುದೋ ಚೆಂಡಾಟಕ್ಕೆ ನನ್ನ ತಂಗಿ ಮದುವೆ ಬಿಡ್ತೀರಾ?" ಎಂದು ವಸುಧಾ ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, "ಸೆಮಿಫೈನಲ್‌ನಲ್ಲಿ ಎದುರಿಗೆ ಯಾರಿದಾರೆ?" ಎಂದಳು. ಎದುರಿಗಿದ್ದ ಕ್ವಾರ್ಟರ್‌ಬ್ಯಾಕ್ ಸಾಮಾನ್ಯನಲ್ಲ, ಸೋತೇಬಿಟ್ಟ ಎಂದುಕೊಂಡ ಆಟವನ್ನು ಕೊನೆಯ ನಿಮಿಷದಲ್ಲಿ ಕಿತ್ತುಕೊಂಡು ಹೋಗುವ ಅಸಾಮಿ ಎಂದೆ. ಅವಳ ಮುಖ ಅರಳಿತು. ಮರುದಿನ ಅಬ್ಬಾಸಿಯಾದ ನಮ್ಮ ಪುಟ್ಟ ಫ್ಲಾಟಿನ ದೇವರ ಗೂಡಿನಲ್ಲಿ, ಹೆಸರೂ ಗೊತ್ತಿಲ್ಲದ ಒಬ್ಬ ಅಮೆರಿಕನ್ನನ ತೋಳಿನ ಬಲಕ್ಕಾಗಿ ತುಪ್ಪದ ದೀಪ ಉರಿಯಿತು.

ಸೆಮಿಫೈನಲ್ ಮುಗಿದ ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಮಗಳು ಅನ್ವಿ ಶಾಲೆಯ ಚೀಲ ಹೆಗಲಿಗೇರಿಸುತ್ತಾ, ನನ್ನ ಫೋನ್ ನೋಡಿ, "ಅಪ್ಪಾ, ಯುವರ್ ಟೀಮ್ ಲಾಸ್ಟ್!" ಎಂದಳು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. "ಗೆದ್ವಾ?" ಎಂದು ವಸುಧಾ ಓಡಿ ಬಂದಳು. "ಸೋತ್ವಿ, ಅಂದ್ರೆ ಗೆದ್ವಿ" ಎಂದೆ, ಬಾಯ್ತುಂಬ ನೊರೆ.

ಸರಿ, ಸಂಜೆ ಐದಕ್ಕೆ ಏನೂ ಅರಿಯದವನಂತೆ ಎಡತುದಿಯಲ್ಲಿ ಕುಳಿತೆ. ಮೂರು ಗಂಟೆ ಕಾಲ ಚಪ್ಪಾಳೆ ತಟ್ಟಿದೆ, ತಲೆ ಚಚ್ಚಿಕೊಂಡೆ. ಕೊನೆಗೆ ಒಂದೇ ನಿಮಿಷ ಉಳಿದಿತ್ತು. ನಾವೇ ಮುಂದಿದ್ದೆವು. ಇನ್ನೊಂದು ಗಜ ತಳ್ಳಿದ್ದರೆ ಚೆಂಡು ನಮ್ಮಲ್ಲೇ ಉಳಿದು ಆಟ ಮುಗಿಯುತ್ತಿತ್ತು. ನಮ್ಮ ಕೋಚ್ ಧೈರ್ಯ ಮಾಡದೆ ಚೆಂಡನ್ನು ದೂರಕ್ಕೆ ಒದೆಸಿದ. ಅದು ಹೋಗಿ ಸೇರಿದ್ದು ವಸುಧಾ ದೀಪ ಹಚ್ಚಿದ್ದ ಅದೇ ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅಷ್ಟರಲ್ಲಿ ನನ್ನ ಫೋನ್ ಗುರ್ ಎಂದಿತು. ಹೆಂಡತಿ. ಎದ್ದು ಬಾಲ್ಕನಿಗೆ ಹೋದೆ.

"ಇನ್ನೂ ಸೋತಿಲ್ವೇನ್ರೀ?"

"ಬೆಳಿಗ್ಗೇನೇ ಸೋತಾಗಿದೆ ಕಣೆ, ಈಗ ನೋಡ್ತಿದೀವಿ ಅಷ್ಟೆ" ಎಂದು ಪಿಸುಗುಟ್ಟಿದೆ.

ಒಳಗಿನಿಂದ ವಲೇರಿಯನ್ನರ "ಅಯ್ಯೋ ದೇವ್ರೇ!" ಕೇಳಿಸಿತು. ಹೋಗಿ ನೋಡಿದರೆ ಮೂರೇ ಎಸೆತಗಳಲ್ಲಿ ಎಲ್ಲ ಮುಗಿದಿತ್ತು. ಡೇಲ್ ಟಿವಿಯನ್ನು ನೋಡುತ್ತಿರಲಿಲ್ಲ. ಸೋಫಾದಲ್ಲಿ ನಾನು ಕುಳಿತಿದ್ದ ತಗ್ಗನ್ನು ನೋಡುತ್ತಿದ್ದರು.

ಮರುದಿನ ಚಹಾದ ಹೊತ್ತಿಗೆ ಆಫೀಸಿನಲ್ಲಿ ಎರಡು ಪಕ್ಷಗಳಾಗಿದ್ದವು. ತಪ್ಪು ಕೋಚ್‌ನದು ಎಂದು ಒಂದು, ನನ್ನದು ಎಂದು ಇನ್ನೊಂದು. ಎರಡನೆಯದಕ್ಕೆ ವಲೇರಿಯನ್ನರೇ ಮುಖಂಡರು.

"ನೀವು ಏಳ್ಬಾರ್ದಿತ್ತು ಮಾರಾಯ್ರೆ. ಒಂದು ನಿಮಿಷ ಕೂತ್ಕೊಳ್ಳಿಕ್ಕೆ ಎಂಥದು ನಿಮ್ಗೆ?"

"ಅಲ್ರೀ, ಆಟ ನಿನ್ನೆ ಬೆಳಿಗ್ಗೆ ಆರಕ್ಕೇ ಮುಗಿದಿತ್ತಲ್ಲ!"

"ಅದು ಹೌದು. ಆದ್ರೆ ನಾವು ನೋಡಿರ್ಲಿಲ್ಲ ಅಲ್ವಾ?"



ಅಷ್ಟರಲ್ಲಿ ಡೇಲ್ ಕರೆಸಿದರು. ರಜೆ ಹೋಯಿತು ಎಂದುಕೊಂಡೇ ಒಳಗೆ ಹೋದೆ. ಅವರು ಗಾಜಿನಡಿಯಿಂದ ಅರ್ಜಿ ತೆಗೆದು ಸಹಿ ಮಾಡಿದರು. ಪೆನ್ನು ಮುಚ್ಚುತ್ತಾ ಮಾತು ತೆಗೆದರು. "ನಿನಗೊಂದು ವಿಷಯ ಹೇಳಬೇಕು. ನಿನ್ನೆ ಬೆಳಿಗ್ಗೆಯೇ ನನಗೆ ಗೊತ್ತಾಗಿತ್ತು. ನನ್ನ ಅಣ್ಣ ಅಳುತ್ತಾ ಫೋನ್ ಮಾಡಿದ್ದ."

"ಮತ್ತೆ ಸಂಜೆ ಯಾಕೆ ನೋಡಿದಿರಿ ಸರ್?"

"ನೀನು ಕೂತಿರುತ್ತೀಯಲ್ಲ. ಏನಾದರೂ ಬದಲಾಗಬಹುದು ಅನ್ನಿಸಿತು" ಎಂದರು, ಒಂದು ದೊಡ್ಡ ಕಾರ್ಖಾನೆಯ ಪೈಪುಗಳಲ್ಲಿ ಒಂದಿಂಚನ್ನೂ ಅಂದಾಜಿಗೆ ಬಿಡದ ಆ ಮನುಷ್ಯ. "ಎರಡು ಗಂಟೆ ಐವತ್ತು ನಿಮಿಷ ಬದಲಾಗುತ್ತಿದೆ ಅಂತಲೇ ಅನ್ನಿಸುತ್ತಿತ್ತು."

ನನಗೂ ಗೊತ್ತಿತ್ತು ಎಂದು ಹೇಳಿಬಿಡೋಣ ಅನ್ನಿಸಿತು. ಅರ್ಜಿಯ ಮೇಲಿನ ಶಾಯಿ ಇನ್ನೂ ಆರಿರಲಿಲ್ಲ. ಸುಮ್ಮನೆ ಕಷಾಯದ ಮುಖ ಮಾಡಿದೆ. ಈ ಸಲ ಅಷ್ಟು ನಟಿಸಬೇಕಾಗಲಿಲ್ಲ. ಹೊರಗೆ ಬಂದು ವಸುಧಾಳಿಗೆ ಫೋನ್ ಮಾಡಿದಾಗ ಅವಳು ಒಂದು ದೊಡ್ಡ ಉಸಿರು ಬಿಟ್ಟಳು. ಅದರಲ್ಲಿ ನನ್ನದೂ ಸೇರಿತ್ತು.

ಮದುವೆ ಚೆನ್ನಾಗಿಯೇ ಆಯಿತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ವಸುಧಾಳ ಸೋದರಮಾವ ಕುಳಿತರು. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಕಿವಿ ಸ್ವಲ್ಪ ಮಂದ. "ಏನಪ್ಪಾ, ಬಂದಾಗಿನಿಂದ ಯೋಚ್ನೇಲಿದೀಯ?" ಎಂದರು. ಅಷ್ಟು ಸಾಕಾಯಿತು. "ಒಂದೇ ಒಂದು ಗಜ ಮಾವ! ಧೈರ್ಯ ಮಾಡಿ ಮುಂದಕ್ಕೆ ತಳ್ಳಿದ್ರೆ ನಮ್ಮದೇ ಆಗ್ತಿತ್ತು. ಹಿಂದೆ ಸರಿದು ಅವನ ಕೈಗೇ ಕೊಟ್ವಿ" ಎಂದು ಎಲೆಯ ಮೇಲೆ ಕೋಸಂಬರಿಯಿಂದ ಗೆರೆ ಎಳೆದು ತೋರಿಸಿದೆ.

ಅವರು ಗೆರೆಯನ್ನು ಗಂಭೀರವಾಗಿ ನೋಡಿ ನನ್ನ ತೋಳು ತಟ್ಟಿದರು. "ಹೆದರ್ಕೋಬೇಡ. ಒತ್ತುವರಿ ಬಿಡಿಸೋಣ. ನಾಳೆ ಸೈಟಿನ ಪತ್ರ ತಗೊಂಡು ಮನೆಗೆ ಬಾ, ಅಳತೆ ಮಾಡಿಸ್ತೀನಿ."

ಬರುತ್ತೇನೆ ಮಾವ ಎಂದೆ. ಅಷ್ಟು ಮನಸ್ಸಿಟ್ಟು ನನ್ನ ಮಾತು ಕೇಳಿದವರು ಆ ಮಂಟಪದಲ್ಲಿ ಬೇರೆ ಯಾರೂ ಇರಲಿಲ್ಲ.